ಚೀಲದ ಬಾಯಿಂದ ತೆಗೆದ ಅರ್ಧ ಕಿಲೋ: ಕಲಬುರಗಿ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ
ಮಾನ್ಯ ಅಪರ ಜಿಲ್ಲಾಧಿಕಾರಿಗಳು
ಜಿಲ್ಲಾ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗಳು
ಕಾರ್ಯದರ್ಶಿಗಳು, ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ, ನೆಹರು ಗಂಜ್

ವಿಷಯ: ಶೇಂಗಾ, ಬೇಳೆಕಾಳು ಮತ್ತು ಹಾಲಿನಲ್ಲಿ ಬೂಷ್ಟಿನ ವಿಷ ಪತ್ತೆ ಮಾಡಲು ಮಾದರಿ ತೆಗೆಯುವ ಕ್ರಮ

ಮಾನ್ಯರೇ,

ನಮ್ಮ ಕಡೆ ಹಿಂಡಿ ಎಂದರೆ ಎರಡು. ಒಂದು ಜೋಳದ ರೊಟ್ಟಿಯ ಜೊತೆ ತಾಟಿಗೆ ಬೀಳುವ ಶೇಂಗಾ ಹಿಂಡಿ. ಇನ್ನೊಂದು, ಎಣ್ಣೆ ತೆಗೆದ ಮೇಲೆ ಉಳಿದು ಎಮ್ಮೆಯ ಗೋದಲಿಗೆ ಹೋಗುವ ಹಿಂಡಿ. ಬೂಷ್ಟು ಹತ್ತಿದ ಶೇಂಗಾ ಈ ಎರಡರಲ್ಲಿ ಯಾವುದಕ್ಕೆ ಹೋದರೂ ಮನೆಗೇ ಬರುತ್ತದೆ: ಮೊದಲನೆಯದು ನೇರವಾಗಿ, ಎರಡನೆಯದು ಹಾಲಿನ ರೂಪದಲ್ಲಿ. ಇದನ್ನು ತಡೆಯಲು ಕಾನೂನು ಇದೆ, ಮಿತಿ ಇದೆ, ಅಧಿಕಾರಿಗಳೂ ಇದ್ದಾರೆ. ಆದರೂ ಕಾನೂನು ಕೈಜಾರುವುದು ಎಲ್ಲಿ ಎಂದರೆ ಗೋದಾಮಿನಲ್ಲಿ, ಚೀಲಕ್ಕೆ ಕೈ ಹಾಕಿ ಮಾದರಿ ತೆಗೆಯುವ ಆ ಹತ್ತು ನಿಮಿಷದಲ್ಲಿ. ಈ ಪತ್ರದ ಮುಖ್ಯ ಮಾತು ಅದೇ.

ಮೊದಲು ಒಂದು ಗೊಂದಲ ಬಿಡಿಸಬೇಕು. ಆಹಾರದ ವಿಷಯ ಬಂದರೆ ಸಾಕು, ಸಭೆಯಲ್ಲೂ ಪತ್ರಿಕೆಯಲ್ಲೂ ಮಾತು ಕಲಬೆರಕೆಯ ಕಡೆಗೇ ತಿರುಗುತ್ತದೆ. ಕಲಬೆರಕೆ ಎಂದರೆ ಯಾರೋ ಬೇಕೆಂದೇ ಬೆರೆಸಿದ್ದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಅದರಿಂದ ಬೇರೆಯಾಗಿ ಇನ್ನೊಂದನ್ನು ಗುರುತಿಸುತ್ತದೆ. ಬೆಳೆಯುವಾಗ, ಒಣಗಿಸುವಾಗ, ಸಂಸ್ಕರಿಸುವಾಗ, ಸಾಗಿಸುವಾಗ, ಕೂಡಿಡುವಾಗ, ಇಲ್ಲವೇ ಸುತ್ತಲಿನ ಮಣ್ಣು ನೀರಿನಿಂದ ಆಹಾರಕ್ಕೆ ಸೇರಿಕೊಂಡದ್ದು, ಯಾರೂ ಬೆರೆಸದಿದ್ದರೂ, ಮಾಲಿನ್ಯಕಾರಕವೇ. ಸೀಸ, ಆರ್ಸೆನಿಕ್, ಬೂಷ್ಟಿನ ವಿಷ ಎಲ್ಲ ಈ ಗುಂಪಿನವು. ಇವುಗಳ ಮಿತಿಯನ್ನು 2011ರ ಮಾಲಿನ್ಯಕಾರಕಗಳು, ವಿಷಗಳು ಮತ್ತು ಶೇಷಗಳ ನಿಯಮಾವಳಿ ನಿಗದಿ ಮಾಡಿದೆ.

ಎರಡರಲ್ಲಿ ಯಾವುದು ದೊಡ್ಡದು? ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ 2018ರಲ್ಲಿ ಹಾಲಿನ ಸಮೀಕ್ಷೆ ಮಾಡಿಸಿತು. ಒಟ್ಟು 6,432 ಮಾದರಿ. ಅದರಲ್ಲಿ ಕಲಬೆರಕೆಯಿಂದ ಅಸುರಕ್ಷಿತ ಎನಿಸಿದ್ದು 12. ಬೂಷ್ಟಿನ ವಿಷ ಹಾಲಿಗೆ ಇಳಿದಾಗ ತಾಳುವ ರೂಪವಾದ ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿದ್ದು 368. ಯೂರಿಯಾ, ಡಿಟರ್ಜೆಂಟ್ ಹುಡುಕಿಕೊಂಡು ಹೋದವರ ಕಣ್ಣೆದುರೇ ಅದರ ಮೂವತ್ತು ಪಟ್ಟು ಹೆಚ್ಚು ಮಾದರಿಗಳಲ್ಲಿ ಬೂಷ್ಟಿನ ವಿಷ ಕೂತಿತ್ತು. ಅದು ಬಂದದ್ದು ದನ ಎಮ್ಮೆ ತಿಂದ ಮೇವು ಮತ್ತು ಹಿಂಡಿಯಿಂದ.

ಅಫ್ಲಾಟಾಕ್ಸಿನ್ ಎನ್ನುವುದು ಆಸ್ಪರ್ಜಿಲಸ್ ಜಾತಿಯ ಹಸಿರು ಹಳದಿ ಬೂಷ್ಟು ಹುಟ್ಟಿಸುವ ವಿಷ. ಲಿವರ್ ಕ್ಯಾನ್ಸರಿಗೆ ಕಾರಣ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತದ್ದು ಇದರಿಂದಲೇ. ಕುದಿಸಿದರೆ ಹೋಗದು, ಹುರಿದರೂ ಪೂರ್ತಿ ಹೋಗದು, ಕುಕ್ಕರಿನ ನಾಲ್ಕು ಸೀಟಿಗಂತೂ ಜಗ್ಗದು. ನಿಯಮದ ಪ್ರಕಾರ ಬೇಳೆಕಾಳು, ಧಾನ್ಯ, ಮುಂದೆ ಸಂಸ್ಕರಿಸಲಿರುವ ಶೇಂಗಾ ಇವಕ್ಕೆ ಕಿಲೋಗೆ 15 ಮೈಕ್ರೋಗ್ರಾಂ ಮಿತಿ. ನೇರವಾಗಿ ತಿನ್ನುವ ಶೇಂಗಾಕ್ಕೆ 10. ಮಸಾಲೆ ಪದಾರ್ಥಕ್ಕೆ 30. ಹಾಲಿನಲ್ಲಿ ಎಂ1 ರೂಪಕ್ಕೆ 0.5. ಒಂದು ಕಿಲೋ ಎಂದರೆ 100 ಕೋಟಿ ಮೈಕ್ರೋಗ್ರಾಂ. ಅಂದರೆ 100 ಕೋಟಿಯಲ್ಲಿ 15 ಪಾಲು. ಕಣ್ಣಿಗೆ, ಮೂಗಿಗೆ, ನಾಲಿಗೆಗೆ ಸಿಗುವ ಪ್ರಮಾಣವಲ್ಲ.

ಈಗ ಲೆಕ್ಕ ನೋಡಿ. ಒಂದು ಶೇಂಗಾ ಕಾಳಿನ ತೂಕ ಸುಮಾರು ಅರ್ಧ ಗ್ರಾಂ. 10 ಕಿಲೋದಲ್ಲಿ ಸುಮಾರು 20,000 ಕಾಳು. ವಿಷ ಎಲ್ಲ ಕಾಳಿಗೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಸಾವಿರಾರು ಕಾಳು ಸ್ವಚ್ಛ ಇದ್ದು ಒಂದೋ ಎರಡೋ ಕಾಳಿನಲ್ಲಿ ಗಿಡಿದು ತುಂಬಿರುತ್ತದೆ. ಒಂದೇ ಕಾಳಿನಲ್ಲಿ ಕಿಲೋಗೆ 10 ಲಕ್ಷ ಮೈಕ್ರೋಗ್ರಾಂ ಲೆಕ್ಕದ ವಿಷ ಸಿಕ್ಕಿರುವುದು ವೈಜ್ಞಾನಿಕ ದಾಖಲೆಯಲ್ಲಿದೆ. ಅಂಥ ಒಂದು ಕಾಳಿನೊಳಗೆ 500 ಮೈಕ್ರೋಗ್ರಾಂ. ಅದೊಂದೇ ಕಾಳು 10 ಕಿಲೋ ಶೇಂಗಾವನ್ನು ಕಿಲೋಗೆ 50 ಮೈಕ್ರೋಗ್ರಾಂಗೆ, ಅಂದರೆ ಮಿತಿಯ ಮೂರು ಪಟ್ಟಿಗೂ ಮೇಲೆ ಒಯ್ಯುತ್ತದೆ. ಆ 10 ಕಿಲೋದಿಂದ ಅರ್ಧ ಕಿಲೋ ತೆಗೆದಿರಿ ಎನ್ನಿ. ಕೆಟ್ಟ ಕಾಳು ನಿಮ್ಮ ಪಾಲಿಗೆ ಬರುವ ಸಂಭವ ಇಪ್ಪತ್ತಕ್ಕೆ ಒಂದು. ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ವರದಿ ‘ಸುರಕ್ಷಿತ’ ಎಂದೇ ಬರುತ್ತದೆ, ಅದೂ ಪ್ರಯೋಗಾಲಯದವರು ಒಂದಿನಿತೂ ತಪ್ಪು ಮಾಡದೆ.

ಇದಕ್ಕೇ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಸಂಸ್ಕರಣೆಗೆ ಹೋಗುವ ಶೇಂಗಾದ ಮಿತಿ ನಮ್ಮಂತೆಯೇ 15 ಇದ್ದರೂ ಜೊತೆಗೆ ಒಂದು ಷರತ್ತಿದೆ: ಮಾದರಿ 20 ಕಿಲೋ ಇರಬೇಕು. ಯುರೋಪಿಗೆ ಹೋಗುವ ಶೇಂಗಾವನ್ನು ಹಾಗೆಯೇ ನೋಡುತ್ತಾರೆ. ಅಲ್ಲಿ ನೇರವಾಗಿ ತಿನ್ನುವ ಶೇಂಗಾಕ್ಕೆ ಮಿತಿ ಇನ್ನೂ ಬಿಗಿ, ಕಿಲೋಗೆ 4. ಪರದೇಶದವರ ತಟ್ಟೆಗೆ 20 ಕಿಲೋ ಜರಡಿ, ನಮ್ಮ ತಾಟಿಗೆ ಒಂದು ಹಿಡಿ. ಮಿತಿಯ ಅಂಕಿ ಒಂದೇ ಇದ್ದ ಮಾತ್ರಕ್ಕೆ ಕಾನೂನು ಒಂದೇ ಆಯಿತು ಅನ್ನಲಾಗದು.

ಹಾಗಾದರೆ ಮಾದರಿ ತೆಗೆಯುವುದು ಹೇಗೆ? ಗೋದಾಮಿನಲ್ಲಿ 400 ಚೀಲ ಒಟ್ಟಿವೆ ಎಂದುಕೊಳ್ಳಿ. 10 ಚೀಲದವರೆಗೆ ಇದ್ದರೆ ಎಲ್ಲವನ್ನೂ, 100ರವರೆಗೆ ಇದ್ದರೆ ಹತ್ತನ್ನು, ಅದಕ್ಕೂ ಹೆಚ್ಚಿದ್ದರೆ ಒಟ್ಟು ಸಂಖ್ಯೆಯ ವರ್ಗಮೂಲದಷ್ಟನ್ನು ಆರಿಸುವುದು ಧಾನ್ಯದ ಮಾದರಿಗೆ ಒಪ್ಪಿತವಾದ ರೂಢಿ. 400ಕ್ಕೆ 20 ಚೀಲ. ಇಲ್ಲಿ ಮೊದಲ ಎಡವಟ್ಟು ಆಗುವುದು ಚೀಲ ಆರಿಸುವಾಗ. ಎದುರಿನ ಸಾಲು, ಎದೆ ಎತ್ತರದ ಚೀಲ ಕೈಗೆ ಸುಲಭ. ಬೂಷ್ಟು ಇರುವುದು ಅಲ್ಲಲ್ಲ. ಗೋಡೆಗೆ ಹತ್ತಿದ ಸಾಲಿನಲ್ಲಿ, ಹಲಗೆ ಇಲ್ಲದೆ ನೆಲಕ್ಕೆ ಕೂತ ಕೆಳಗಿನ ಚೀಲದಲ್ಲಿ, ತಗಡು ಸೋರುವ ಕಡೆ. ಹಮಾಲರನ್ನು ಕರೆಸಿ ಒಟ್ಟು ಇಳಿಸದೆ ಅಲ್ಲಿಗೆ ಕೈ ಹೋಗುವುದಿಲ್ಲ. ಅವರ ಕೂಲಿ ಯಾರು ಕೊಡಬೇಕು ಎನ್ನುವ ಸಣ್ಣ ಪ್ರಶ್ನೆಗೆ ಉತ್ತರ ಇಲ್ಲದ್ದರಿಂದಲೇ ಎಷ್ಟೋ ಕಡೆ ಮೇಲಿನ ಚೀಲಕ್ಕೆ ಕೆಲಸ ಮುಗಿಯುತ್ತದೆ.

ಆರಿಸಿದ ಪ್ರತಿ ಚೀಲದಿಂದ ಬಾಯಿ, ನಡು, ತಳ ಮೂರು ಕಡೆ ತೆಗೆಯಬೇಕು. ಚೀಲದ ಉದ್ದಕ್ಕೂ ಇಳಿಯುವ ಕೊಳವೆ ಬೇಕು. ಅಂಗೈ ಉದ್ದದ ಮೊಂಡ ಕೊಳವೆಯಿಂದ ಬಾಯಿಯ ಕಾಳಷ್ಟೇ ಸಿಗುತ್ತದೆ. ಒಂದೊಂದು ಕಡೆ 200 ಗ್ರಾಂ ಎಂದರೆ 20 ಚೀಲಕ್ಕೆ 12 ಕಿಲೋ. ಅದನ್ನು ಒಣ ತಾಡಪತ್ರಿಯ ಮೇಲೆ ಸುರಿದು, ಗುಡ್ಡೆ ಮಾಡಿ, ಬೇರೆ ಕಡೆಯಿಂದ ಎತ್ತಿ ಮತ್ತೆ ಗುಡ್ಡೆ ಮಾಡಿ, ಹೀಗೆ ಮೂರು ನಾಲ್ಕು ಸಲ ಕಲೆಸಿ, ಚಪ್ಪಟೆ ಮಾಡಿ, ಅಡ್ಡ ಉದ್ದ ಗೆರೆ ಎಳೆದು ನಾಲ್ಕು ಪಾಲು ಮಾಡಬೇಕು. ಕಾಯ್ದೆಯ 47ನೇ ಕಲಮು ಹೇಳುವ ನಾಲ್ಕು ಭಾಗ ಬರಬೇಕಾದದ್ದು ಇಂಥ ರಾಶಿಯಿಂದ: ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಗಳ ಬಳಿ, ನಾಲ್ಕನೆಯದು ವ್ಯಾಪಾರಿ ಕೇಳಿದರೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ.

ಕಲೆಸದೆ ನಾಲ್ಕು ಮೊಗೆ ತೆಗೆದು ನಾಲ್ಕು ಪಾಲು ಎಂದರೆ ಏನಾಗುತ್ತದೆ ಎಂಬುದು ವಕೀಲರಿಗೆ ಚೆನ್ನಾಗಿ ಗೊತ್ತು. ಮೊದಲ ಪಾಲಿನಲ್ಲಿ ಕೆಟ್ಟ ಕಾಳು ಬಂದು ವರದಿ ಕಿಲೋಗೆ 60 ಮೈಕ್ರೋಗ್ರಾಂ ಎನ್ನುತ್ತದೆ. ವ್ಯಾಪಾರಿ 30 ದಿನದೊಳಗೆ ಮೇಲ್ಮನವಿ ಹಾಕುತ್ತಾನೆ. ಎರಡನೆಯ ಪಾಲು ಮರುಪರೀಕ್ಷೆ ಮಾಡುವ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಅದರಲ್ಲಿ ಆ ಕಾಳು ಇಲ್ಲ, ವರದಿ 3 ಎನ್ನುತ್ತದೆ. ಕಾನೂನಿನಲ್ಲಿ ರೆಫರಲ್ ವರದಿಯೇ ಅಂತಿಮ. ಎರಡೂ ಪ್ರಯೋಗಾಲಯ ಸರಿ, ಪ್ರಕರಣ ಬಿದ್ದುಹೋಯಿತು. ಆಮೇಲೆ ‘ಹಣ ತಿಂದಿದ್ದಾರೆ’ ಎಂಬ ಮಾತು ಊರೆಲ್ಲ ಓಡಾಡುತ್ತದೆ, ಬಿಡಿ.

ಪ್ರಯೋಗಾಲಯದೊಳಗೂ ಇದೇ ತಪ್ಪು ಚಿಕ್ಕದಾಗಿ ಮರುಕಳಿಸಬಹುದು. ಬಂದ ಪಾಲಿನಿಂದ ಇಡೀ ಕಾಳು 25 ಗ್ರಾಂ ಎಣಿಸಿ ತೆಗೆದರೆ ಅದು ಐವತ್ತು ಕಾಳಿನ ಪರೀಕ್ಷೆ. ಬಂದಷ್ಟನ್ನೂ ಮೊದಲು ರುಬ್ಬಿ, ಶೇಂಗಾ ಆದರೆ ನೀರು ಹಾಕಿ ನುಣ್ಣಗೆ ಹಿಟ್ಟಿನ ಹದಕ್ಕೆ ತಂದು, ಆಮೇಲೆ ಅದರಿಂದ ತೂಗಬೇಕು. ಇದಕ್ಕೆ ಬೇಕಿರುವುದು ಕೋಟಿ ಬೆಲೆಯ ಉಪಕರಣವಲ್ಲ, ಕೆಲವು ಕಿಲೋ ಹಿಡಿಸುವ ಗಟ್ಟಿ ರುಬ್ಬುವ ಯಂತ್ರ.

ಕಟ್ಟುವ ಬಗೆಯೂ ಮುಖ್ಯ. ಹಸಿ ಕಾಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಸೀಲ್ ಹಾಕಿ ಮಾರ್ಚ್ ಏಪ್ರಿಲಿನ ಕಲಬುರಗಿ ಬಿಸಿಲಿನಲ್ಲಿ ಕಚೇರಿಯ ಕಪಾಟಿನಲ್ಲಿಟ್ಟರೆ ಬೂಷ್ಟು ಒಳಗೇ ಬೆಳೆಯುತ್ತದೆ. ಆಗ ‘ನಾನು ಕೊಟ್ಟಾಗ ಇರಲಿಲ್ಲ, ನಿಮ್ಮ ಕಪಾಟಿನಲ್ಲಿ ಹುಟ್ಟಿತು’ ಎಂಬ ವಾದಕ್ಕೆ ಉತ್ತರ ಇರುವುದಿಲ್ಲ. ತೆಗೆದ ಜಾಗದಲ್ಲೇ ತೇವಾಂಶ ಅಳೆದು ಪಂಚನಾಮೆಯಲ್ಲಿ ಬರೆದುಕೊಳ್ಳಿ. ಬಟ್ಟೆ ಅಥವಾ ದಪ್ಪ ಕಾಗದದ ಚೀಲ ಬಳಸಿ. ಅಂಕಿತ ಅಧಿಕಾರಿಗಳ ಬಳಿ ಉಳಿಯುವ ಎರಡು ಪಾಲಿಗೆ ಫ್ರಿಜ್ ಕೊಡಿ.

12 ಕಿಲೋ ಶೇಂಗಾಕ್ಕೆ ಹಣವೂ ಬೇಕು. ತೆಗೆದ ಮಾದರಿಗೆ ಮಾರುಕಟ್ಟೆ ದರ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ತಿಂಗಳಿಗೆ ಇಷ್ಟು ಮಾದರಿ ಎಂಬ ಗುರಿ ಕೊಟ್ಟು, ಕೊಳ್ಳಲು ಚಿಲ್ಲರೆ ಹಣ ಕೊಟ್ಟರೆ ಅಧಿಕಾರಿ ಅಗ್ಗದ, ಸಣ್ಣ ಮಾದರಿಯ ಕಡೆಗೇ ಹೋಗುತ್ತಾರೆ. ಅದು ಅವರ ತಪ್ಪಲ್ಲ. ಹತ್ತು ಅಂಗಡಿಯ ಹತ್ತು ಪೊಟ್ಟಣಕ್ಕಿಂತ ಒಂದು ಗೋದಾಮಿನ ಒಂದು ಸರಿಯಾದ ಮಾದರಿ ಹೆಚ್ಚು ಜನರನ್ನು ಕಾಯುತ್ತದೆ. ಗುರಿಯನ್ನು ಮಾದರಿಗಳ ಸಂಖ್ಯೆಯಲ್ಲಿ ಲೆಕ್ಕ ಹಾಕುವುದನ್ನು ಬಿಟ್ಟು, ಎಷ್ಟು ಟನ್ ದಾಸ್ತಾನು ಪರೀಕ್ಷೆಗೆ ಒಳಪಟ್ಟಿತು ಎಂದು ಕೇಳಲು ಶುರು ಮಾಡಿ.

ಪರಿಸ್ಥಿತಿ ತಿಳಿಯಲಷ್ಟೇ ತೆಗೆಯುವ ಸರ್ವೇ ಮಾದರಿ ಮತ್ತು ಪ್ರಕರಣಕ್ಕೆ ಆಧಾರವಾಗುವ ಶಾಸನಬದ್ಧ ಮಾದರಿ ಎರಡನ್ನೂ ಜೋಡಿಸಿಕೊಳ್ಳುವುದು ಜಾಣತನ. ಮೊದಲು ಸರ್ವೇ ಮಾದರಿ ತೆಗೆದು ರುಬ್ಬಿ ಸ್ಟ್ರಿಪ್ ಪರೀಕ್ಷೆ ಮಾಡಿದರೆ ಮಿತಿಯ ಆಚೆಯೋ ಈಚೆಯೋ ಎಂಬುದು ಅಂದೇ ತಿಳಿಯುತ್ತದೆ. ಆಚೆ ಎಂದು ಬಂದರೆ 38ನೇ ಕಲಮಿನ ಪ್ರಕಾರ ಆ ದಾಸ್ತಾನನ್ನು ಜಪ್ತಿ ಮಾಡಿ ವ್ಯಾಪಾರಿಯ ಸುಪರ್ದಿಯಲ್ಲೇ ಇರಿಸಿ, ಶಾಸನಬದ್ಧ ಮಾದರಿ ತೆಗೆಯಬಹುದು. ಸ್ಟ್ರಿಪ್ ವರದಿ ಕೋರ್ಟಿಗೆ ಸಾಲದು, ಆದರೆ ಲಾರಿ ಹೊರಡುವುದನ್ನು ನಿಲ್ಲಿಸಲು ಸಾಕು.

ಎಲ್ಲಿ ಹುಡುಕಬೇಕು ಎಂಬುದಕ್ಕೂ ಒಂದು ದಾರಿ ಇದೆ. ಒಣಗಿದ ಕಾಯಿಯನ್ನು ಸುಲಿಯುವ ಯಂತ್ರಕ್ಕೆ ಹಾಕಿದರೆ ಕಾಳು ಹೋಳಾಗುತ್ತದೆ, ಹೋಳಿಗೆ ದರ ಕಡಿಮೆ. ಹಾಗಾಗಿ ಹಿಂದಿನ ರಾತ್ರಿ ಕಾಯಿ ರಾಶಿಗೆ ನೀರು ಚಿಮುಕಿಸಿ ತಾಡಪತ್ರಿ ಹೊದಿಸುವ ರೂಢಿ ಇದೆ. ಕಾಯಿಯಲ್ಲಿ ತೇವಾಂಶ ಶೇಕಡಾ 8ರೊಳಗೆ ಇದ್ದಾಗ ಸುಮ್ಮನಿರುವ ಬೂಷ್ಟಿಗೆ ಆ ಒಂದು ರಾತ್ರಿಯ ಬಿಸಿ ಮತ್ತು ತೇವ ಸಾಕಷ್ಟು. ಸುಲಿದ ಮೇಲೆ ಮತ್ತೆ ಒಣಗಿಸದೆ ಚೀಲ ಹೊಲಿದರಂತೂ ಮುಗಿಯಿತು. ಸುಲಿಯುವ ಘಟಕಕ್ಕೆ 32ನೇ ಕಲಮಿನ ಸುಧಾರಣಾ ನೋಟಿಸ್ ಕೊಟ್ಟು, ಸುಲಿದ ಕಾಳನ್ನು ಒಣಗಿಸಿ ತೇವಾಂಶ ದಾಖಲಿಸಿಯೇ ಚೀಲ ಕಟ್ಟಬೇಕು ಎಂದು ಬರೆಯಬಹುದು. ಕನಿಷ್ಠ 14 ದಿನದ ಗಡುವು, ಪಾಲಿಸದಿದ್ದರೆ ಪರವಾನಗಿ ಅಮಾನತು.

ಇನ್ನೊಂದು, ಆರಿಸಿ ತೆಗೆದ ಕಾಳು. ಮುದುಡಿದ, ಬಣ್ಣಗೆಟ್ಟ, ಸಣ್ಣ ಕಾಳಿನಲ್ಲೇ ವಿಷದ ಹೆಚ್ಚಿನ ಪಾಲು ಇರುತ್ತದೆ. ಹೆಣ್ಣಾಳುಗಳು ಕೂತು ಆರಿಸಿದ ಮೇಲೆ ಒಳ್ಳೆಯದು ಒಂದು ಕಡೆ ಹೋಗುತ್ತದೆ. ಆ ಕೆಟ್ಟದ್ದು ಎಲ್ಲಿ ಹೋಗುತ್ತದೆ? ಅದನ್ನು ಕೊಳ್ಳುವವನು ಪುಡಿ ಮಾಡುವವನೋ ಎಣ್ಣೆ ಹಿಂಡುವವನೋ ಆಗಿರಬೇಕು. ಪುಡಿಯಲ್ಲಿ, ಬೆಲ್ಲದ ಪಾಕದಲ್ಲಿ, ಬ್ಯಾಡಗಿ ಮೆಣಸಿನಕಾಯಿಯ ಖಾರದಲ್ಲಿ ಮುಗ್ಗಲು ರುಚಿ ಮುಚ್ಚಿಹೋಗುತ್ತದೆ. ಆದ್ದರಿಂದ ಚಿಕ್ಕಿ, ಶೇಂಗಾ ಪುಡಿ, ಹಿಂಡಿ ಮಾಡುವ ಘಟಕಗಳೂ ಶಾಲೆ, ಅಂಗನವಾಡಿಗೆ ಪೂರೈಸುವವರೂ ಪಟ್ಟಿಯ ಮೊದಲಲ್ಲಿರಲಿ. ಈಗ ಗಾಣದ ಎಣ್ಣೆಗೆ ಬೇಡಿಕೆ ಬಂದಿದೆ. ಹಿಂಡಿದಾಗ ವಿಷದ ಬಹುಪಾಲು ಹಿಂಡಿಯಲ್ಲೇ ಉಳಿಯುವುದು ನಿಜ. ಆದರೆ ಶುದ್ಧೀಕರಿಸದ, ಸರಿಯಾಗಿ ಸೋಸದ ಎಣ್ಣೆಯಲ್ಲಿ ಸಣ್ಣ ಕಣಗಳ ಜೊತೆ ಒಂದಿಷ್ಟು ಇಳಿಯುತ್ತದೆ. ‘ಗಾಣದ್ದು’ ಎಂಬ ಹೆಸರು ಪರೀಕ್ಷೆಯಿಂದ ವಿನಾಯಿತಿ ಕೊಡಬಾರದು.

ಆ ಬಹುಪಾಲು ಉಳಿದ ಹಿಂಡಿ ಹೋಗುವುದು ದನಗಳಿಗೆ. ತಿಂದ ಒಂದೆರಡು ದಿನದಲ್ಲೇ ಹಾಲಿನಲ್ಲಿ ಎಂ1 ಕಾಣಿಸುತ್ತದೆ, ಹಿಂಡಿ ನಿಲ್ಲಿಸಿದರೆ ಕೆಲವೇ ದಿನದಲ್ಲಿ ಇಳಿಯುತ್ತದೆ. ಹಾಲಿನ ಡೇರಿಯಲ್ಲಿ ಎಂ1 ಸಿಕ್ಕಾಗ ಹಾಲು ಚೆಲ್ಲುವುದಕ್ಕಿಂತ ಮುಂಚೆ ಕೇಳಬೇಕಾದದ್ದು, ಈ ವಾರ ಆ ಊರಿಗೆ ಬಂದ ಹಿಂಡಿ ಯಾವ ಗಿರಣಿಯದು ಎಂದು. ಪಶು ಆಹಾರ ಈ ಕಾಯ್ದೆಯ ‘ಆಹಾರ’ದ ವ್ಯಾಖ್ಯೆಯಲ್ಲಿ ಇಲ್ಲ, ಹೀಗಾಗಿ ಪಶುಸಂಗೋಪನೆ ಇಲಾಖೆಯವರೂ ಅಂಕಿತ ಅಧಿಕಾರಿಗಳೂ ಒಂದೇ ಮೇಜಿಗೆ ಕೂರದೆ ಇದು ಬಗೆಹರಿಯದು. ಕೂರಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ.

ರೈತರ ಬಗ್ಗೆ ಒಂದು ಮಾತು, ಏಕೆಂದರೆ ಇಂಥ ಪತ್ರ ಓದಿದ ಕೂಡಲೇ ಅವರಿಗೆ ದಿಗಿಲಾಗುತ್ತದೆ. ರೈತನ ಕೈಯಲ್ಲಿರುವ ಬೆಳೆ ಈ ಕಾಯ್ದೆಯೊಳಗೆ ಬರುವುದಿಲ್ಲ. ಗಂಜಿನಲ್ಲಿ ಟೆಂಡರ್ ಆಗಿ ಮಾಲು ಕೈ ಬದಲಾದ ಕ್ಷಣದಿಂದ ಹೊಣೆ ಕೊಂಡವನದು. ಆದರೆ ರಾಶಿ ಮಾಡಿ ಸರಿಯಾಗಿ ಒಣಗಿಸದ ಮಾಲು ಅಲ್ಲಿಗೆ ಬರುವುದೂ ನಿಜ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೊಗರಿಗೆ ಶೇಕಡಾ 12, ಶೇಂಗಾ ಕಾಯಿಗೆ ಶೇಕಡಾ 8 ಮೀರಿದ ತೇವಾಂಶ ಒಪ್ಪುವುದಿಲ್ಲ, ಯಂತ್ರ ಇಟ್ಟು ಅಳೆಯುತ್ತಾರೆ. ಅದೇ ಅಳತೆ ಟೆಂಡರಿನ ಕಟ್ಟೆಯಲ್ಲಿ ಯಾಕಿಲ್ಲ? ಅಡತಿಯವರು ಕಾಳನ್ನು ಹಲ್ಲಿನಲ್ಲಿ ಕಚ್ಚಿ ಹೇಳುವ ತೇವಾಂಶದಿಂದ ರೈತನಿಗೆ ದರ ಕಡಿಮೆಯಾಗುತ್ತದೆಯೇ ವಿನಾ ಮಾಲು ಒಣಗುವುದಿಲ್ಲ.

ತೊಗರಿ ಬೇಳೆಗೆ ಬಂದರೆ ಆತಂಕ ಬೇರೆ. 2019ರಲ್ಲಿ ‘ಗುಲಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಗುರುತು ಸಿಕ್ಕಿತು; ಆ ಹೆಸರಿನ ಚೀಲದೊಳಗೆ ಕೇಸರಿ ಬೇಳೆಯೋ ಮೆಟಾನಿಲ್ ಹಳದಿ ಎಂಬ ಬಣ್ಣವೋ ಬಂದರೆ ಅದು ಕಲಬೆರಕೆ, ಪತ್ತೆಯೂ ಸುಲಭ. ಬೇಳೆಗೆ ನೀರು, ನಾಲ್ಕು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಮೆಟಾನಿಲ್ ಹಳದಿ ಗುಲಾಬಿಗೆ ತಿರುಗುತ್ತದೆ. ಸಂಚಾರಿ ಪ್ರಯೋಗಾಲಯದ ಗಾಡಿ ಇದಕ್ಕೆ ಸಾಕು. ಕೀಟನಾಶಕದ ಶೇಷಕ್ಕೆ ಅದು ಸಾಲದು: ನಿರ್ದಿಷ್ಟ ಮಿತಿ ನಿಗದಿಯಾಗದ ಕೀಟನಾಶಕಕ್ಕೆ ಕಿಲೋಗೆ 0.01 ಮಿಲಿಗ್ರಾಂ ಮಿತಿ. ಕಾಯಿಕೊರಕಕ್ಕೆ ಕೊನೆಯ ವಾರದಲ್ಲಿ ಹೊಡೆದ ಔಷಧ ಈ ಅಂಕಿಯ ಮುಂದೆ ನಿಲ್ಲುವುದಿಲ್ಲ.

ಕಲಬುರಗಿಯಲ್ಲೇ ವಿಭಾಗೀಯ ಆಹಾರ ಪ್ರಯೋಗಾಲಯ ಇದೆ. ಅಲ್ಲಿ ಯಾವ ಯಾವ ವಿಷವನ್ನು, ಯಾವ ಆಹಾರದಲ್ಲಿ, ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ವ್ಯಾಪ್ತಿಯೊಳಗೆ ಪರೀಕ್ಷಿಸಬಹುದು ಎಂಬ ಪಟ್ಟಿಯನ್ನು ಜಿಲ್ಲಾಡಳಿತದ ಜಾಲತಾಣದಲ್ಲಿ ಹಾಕಿ. ಇಲ್ಲದ್ದಕ್ಕೆ ಮಾದರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಬರೆಯಿರಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಶೇಷ ವಿಶ್ಲೇಷಣೆಯ ಪ್ರಯೋಗಾಲಯ ಇದೆ. ಸರ್ವೇ ಮಾದರಿಗಾದರೂ ಅವರ ನೆರವು ಪಡೆಯಬಹುದು.

ಮಾನ್ಯ ಅಪರ ಜಿಲ್ಲಾಧಿಕಾರಿಗಳಲ್ಲಿ ಒಂದು ವಿನಂತಿ. ಮಾಲಿನ್ಯಕಾರಕ ಅಥವಾ ಕೀಟನಾಶಕ ಮಿತಿ ಮೀರಿದ ಆಹಾರವನ್ನು ಕಾಯ್ದೆ ‘ಅಸುರಕ್ಷಿತ’ ಎಂದು ಕರೆಯುತ್ತದೆ, ‘ಕಳಪೆ’ ಎಂದಲ್ಲ. ಕಳಪೆಗೆ 51ನೇ ಕಲಮು, 5 ಲಕ್ಷದವರೆಗೆ ದಂಡ, ನಿಮ್ಮ ಎದುರೇ ತೀರ್ಮಾನ. ಅಸುರಕ್ಷಿತಕ್ಕೆ 59ನೇ ಕಲಮು, ನ್ಯಾಯಾಲಯ, ಜೈಲು. 2023ರ ಜನ ವಿಶ್ವಾಸ ತಿದ್ದುಪಡಿಯ ನಂತರ ಯಾರಿಗೂ ಹಾನಿ ಆಗದಿದ್ದರೂ 3 ತಿಂಗಳವರೆಗೆ ಸೆರೆ, 3 ಲಕ್ಷದವರೆಗೆ ದಂಡ. ಅಫ್ಲಾಟಾಕ್ಸಿನ್ ಮೀರಿದ ವರದಿ ಕಳಪೆಯ ಕಡತದೊಳಗೆ ನಿಮ್ಮ ಮುಂದೆ ಬಂದರೆ ವಾಪಸ್ ಕಳಿಸಿ. ವಿಶ್ಲೇಷಕರಿಗೆ 14 ದಿನ, ಮೇಲ್ಮನವಿಗೆ 30 ದಿನ, ರೆಫರಲ್ ಪರೀಕ್ಷೆ, ಆಯುಕ್ತರ ಮಂಜೂರಾತಿ, ಇವೆಲ್ಲ ಸೇರಿ 77ನೇ ಕಲಮಿನ ಒಂದು ವರ್ಷದ ಗಡುವಿನೊಳಗೆ ಮುಗಿಯಬೇಕು. ಕಡತದ ಮೊದಲ ಪುಟದಲ್ಲೇ ಆ ಗಡುವಿನ ತಾರೀಖು ಕೆಂಪು ಶಾಯಿಯಲ್ಲಿ ಇರಲಿ.

ಓದುತ್ತಿರುವ ಸಾರ್ವಜನಿಕರಿಗೆ: 40ನೇ ಕಲಮಿನ ಪ್ರಕಾರ ಕೊಂಡ ಆಹಾರವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು, ಆದರೆ ಕೊಳ್ಳುವಾಗಲೇ ಅಂಗಡಿಯವರಿಗೆ ‘ಪರೀಕ್ಷೆಗೆ ಕೊಡುತ್ತೇನೆ’ ಎಂದು ಹೇಳಿರಬೇಕು. ವರದಿ ಕೆಟ್ಟು ಬಂದರೆ ಶುಲ್ಕ ವಾಪಸ್. ಮನೆಯಲ್ಲಿ ಶೇಂಗಾ ಹಿಂಡಿ ಕುಟ್ಟುವ ಮುಂಚೆ ಮುದುಡಿದ, ಕಪ್ಪಾದ ಕಾಳು ಆರಿಸಿ ಬಿಸಾಡಿ, ಎಮ್ಮೆಗೂ ಹಾಕಬೇಡಿ.

ತೊಗರಿ ಡಿಸೆಂಬರಿನಿಂದ ಗಂಜಿಗೆ ಬರುತ್ತದೆ, ಬೇಸಿಗೆ ಶೇಂಗಾ ಅದರ ಹಿಂದೆಯೇ. ಅಷ್ಟರೊಳಗೆ ಬೇಕಾದದ್ದು: ಪ್ರತಿ ಆಹಾರ ಸುರಕ್ಷತಾ ಅಧಿಕಾರಿಗೆ ಒಂದು ಉದ್ದನೆಯ ಕೊಳವೆ, ಒಂದು ತೇವಾಂಶ ಮಾಪಕ, ತಾಡಪತ್ರಿ, ತಕ್ಕಡಿ, ಪ್ರಯೋಗಾಲಯಕ್ಕೆ ರುಬ್ಬುವ ಯಂತ್ರ, ಹಮಾಲರ ಕೂಲಿಗೂ ಮಾದರಿಯ ಬೆಲೆಗೂ ಪ್ರತ್ಯೇಕ ಮೊತ್ತ, ಗಂಜಿನ ಗೇಟಿನಲ್ಲಿ ರೈತ ಸ್ವತಃ ನೋಡಬಹುದಾದ ಒಂದು ತೇವಾಂಶ ಯಂತ್ರ.

ಇಂತಿ ತಮ್ಮ ವಿಶ್ವಾಸಿಗಳು,
ದವಸ ದಾಸ್ತಾನು ಮತ್ತು ಆಹಾರ ಪರೀಕ್ಷೆಯ ಕೆಲಸ ಬಲ್ಲ ಕಲಬುರಗಿಯ ಕೆಲವರು